ಪೆಟ್ರೋಲು ಗಾಡಿಗೆ ವಿದ್ಯುತ್ತಿನ ಮೋಟಾರು: ಲಾಭವೆಷ್ಟು, ಲೆಕ್ಕವೆಷ್ಟು?

ಮನೆಬಾಡಿಗೆ, ಹಾಲು, ಅಂಗಡಿಯ ಬಾಕಿ, ಮಕ್ಕಳ ಫೀಜು ಇವು ಸಂಸಾರಸ್ಥನ ತಿಂಗಳ ಪಟ್ಟಿಯಲ್ಲಿ ಹಿಂದಿನಿಂದಲೂ ಇದ್ದ ಬಾಬುಗಳು. ಈಚಿನ ವರ್ಷಗಳಲ್ಲಿ ಇವುಗಳ ಸಾಲಿನಲ್ಲಿ ಪೆಟ್ರೋಲು ಗಟ್ಟಿಯಾಗಿ ಕುಳಿತುಬಿಟ್ಟಿದೆ. ಕೇರಳದಲ್ಲಿ ಅದರ ಬೆಲೆ ಲೀಟರಿಗೆ ನೂರು ರೂಪಾಯಿಯ ಗಡಿ ದಾಟಿದುದು 2021ರಲ್ಲಿ. ಊರು ಬಿಟ್ಟು ಬಂದು ಕೊಚ್ಚಿಯಲ್ಲೋ ತಿರುವನಂತಪುರದಲ್ಲೋ ನೆಲಸಿರುವ ನಮ್ಮಂಥವರಿಗೆ ಕಚೇರಿಯ ಹತ್ತಿರ ಮನೆ ಸಿಕ್ಕುವುದು ಪೂರ್ವಜನ್ಮದ ಸುಕೃತವೇ ಸರಿ. ಕಳಕ್ಕೂಟ್ಟದ ಕಡೆ ಮನೆ ಮಾಡಿ ಸೆಕ್ರೆಟೇರಿಯಟ್ಟಿನ ಬಳಿ ಕೆಲಸಕ್ಕೆ ಹೋಗುವವರಿಗೆ ಹೋಗಿಬರಲು ಹತ್ತಿರ ಹತ್ತಿರ 30 ಕಿಲೋಮೀಟರು. ಕಾಕ್ಕನಾಡಿನಿಂದ ಎರ್ನಾಕುಳದ ಪೇಟೆಗೆ ಓಡಾಡುವವರ ಪಾಡೂ ಬೇರೆಯಲ್ಲ.

ಆದುದರಿಂದಲೇ ಈಚೆಗೆ ಸಂಘದ ಕೂಟಗಳಲ್ಲಿ ಕಾಫಿಯ ಹೊತ್ತಿಗೆ ಒಂದು ಪ್ರಶ್ನೆ ತಪ್ಪದೆ ಕೇಳಿಬರುತ್ತಿದೆ: “ಮನೆಯಲ್ಲಿರುವ ಹಳೆಯ ಸ್ಕೂಟರಿನ ಎಂಜಿನು ಬಿಚ್ಚಿ, ವಿದ್ಯುತ್ ಮೋಟಾರು ಕೂಡಿಸಿ, ಬ್ಯಾಟರಿ ಇಟ್ಟು ಓಡಿಸಿದರಾಗದೆ? ಹೊಸ ಗಾಡಿಯ ಸಾಲವೂ ತಪ್ಪಿತು, ಪೆಟ್ರೋಲಿನ ಖರ್ಚೂ ತಪ್ಪಿತು.” ಆಗುತ್ತದೆ ಎನ್ನುವವರುಂಟು, ಆಗದು ಎನ್ನುವವರೂ ಉಂಟು. ಯಂತ್ರ, ಹಣ, ಕಾನೂನು ಈ ಮೂರು ಕಡೆಯಿಂದಲೂ ವಿಷಯವನ್ನು ನೋಡಿದ ಹೊರತು ಇದಕ್ಕೆ ಸರಿಯಾದ ಉತ್ತರ ದೊರೆಯದು. ಹಾಗೆ ನೋಡುವುದೇ ಈ ಲೇಖನದ ಉದ್ದೇಶ.

ಹಳೆಯ ಕಲ್ಪನೆ

ವಿದ್ಯುತ್ ಗಾಡಿ ನಿನ್ನೆ ಮೊನ್ನೆ ಹುಟ್ಟಿದುದೆಂದು ಅನೇಕರು ತಿಳಿದಿದ್ದಾರೆ. ಹಾಗಲ್ಲ. 1881ರಲ್ಲಿಯೇ ಪ್ಯಾರಿಸ್ ನಗರದ ಬೀದಿಯಲ್ಲಿ ಗುಸ್ತಾವ್ ತ್ರೂವೆ ಎಂಬಾತ ಬ್ಯಾಟರಿಯಿಂದ ನಡೆಯುವ ಮೂರು ಗಾಲಿಯ ಗಾಡಿಯೊಂದನ್ನು ಓಡಿಸಿ ತೋರಿಸಿದ. ಇದರಲ್ಲಿ ನಮಗೆ ಸ್ವಾರಸ್ಯವಾದ ಸಂಗತಿಯೆಂದರೆ, ಅವನು ಹೊಸ ಗಾಡಿಯನ್ನೇನೂ ಕಟ್ಟಲಿಲ್ಲ. ಇಂಗ್ಲೆಂಡಿನಲ್ಲಿ ತಯಾರಾದ, ಕಾಲಿನಿಂದ ತುಳಿಯುವ ಟ್ರೈಸಿಕಲ್ಲಿಗೆ ಮೋಟಾರು ಜೋಡಿಸಿದ, ಅಷ್ಟೆ. ಇದ್ದ ಗಾಡಿಗೆ ವಿದ್ಯುತ್ ಕೂಡಿಸುವ ಕೆಲಸ ವಿದ್ಯುತ್ ಗಾಡಿಯಷ್ಟೇ ಹಳೆಯದೆಂದಾಯಿತು. ಅದೇ ವರ್ಷ ಅವನು ದೋಣಿಗೂ ಮೋಟಾರು ಹಾಕಿದ. ಆತನ ಹೆಸರಿನಲ್ಲಿ ಕೊಡುವ ಅಂತರರಾಷ್ಟ್ರೀಯ ಪ್ರಶಸ್ತಿ 2020ರಲ್ಲಿ ಬಂದುದು ಎಲ್ಲಿಗೆ ಗೊತ್ತೆ? ನಮ್ಮ ನೆರೆಯ ವೈಕ್ಕಂ–ತವಣಕ್ಕಡವಿನ ನಡುವೆ 2017ರ ಜನವರಿಯಿಂದ ಓಡಾಡುತ್ತಿರುವ ‘ಆದಿತ್ಯ’ ಎಂಬ ಸೌರ ದೋಣಿಗೆ. ಎಪ್ಪತ್ತೈದು ಜನರನ್ನು ಹೊತ್ತು, ಡೀಸೆಲಿನ ವಾಸನೆಯಿಲ್ಲದೆ, ಗದ್ದಲವಿಲ್ಲದೆ ವೇಂಬನಾಡು ಕಾಯಲನ್ನು ದಾಟುವ ಈ ದೋಣಿಯನ್ನು ಕಟ್ಟಿದವರು ಕೊಚ್ಚಿಯವರು.

ಇಂಧನ ಬದಲಾಯಿಸುವ ಸಾಹಸ ನಮ್ಮ ಹಿರಿಯರಿಗೂ ಹೊಸದಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲಿಗೆ ರೇಷನ್ ಬಂದಾಗ ಬಸ್ಸುಗಳ ಹಿಂದೆ ಇದ್ದಿಲಿನ ಒಲೆ ಕಟ್ಟಿ, ಅದರ ಅನಿಲದಿಂದ ಎಂಜಿನು ನಡೆಸಿದರು. ಬಸ್ಸು ಹೊರಡುವ ಮೊದಲು ಒಲೆಗೆ ಗಾಳಿ ತಿರುಗಿಸುತ್ತಿದ್ದ ಕಥೆಯನ್ನು ಅಜ್ಜಂದಿರ ಬಾಯಲ್ಲಿ ಕೇಳಿದವರು ನಮ್ಮಲ್ಲಿ ಇನ್ನೂ ಇದ್ದಾರೆ.

ಗಾಡಿಯ ಒಡಲನ್ನೇ ಬದಲಾಯಿಸಿದ ದೊಡ್ಡ ಉದಾಹರಣೆ ನೇಪಾಳದ ಕಾಠ್ಮಂಡುವಿನದು. ಅಲ್ಲಿ ಹೊಗೆ ಕಾರುತ್ತಿದ್ದ ಡೀಸೆಲ್ ಟೆಂಪೋ ಒಂದನ್ನು 1993ರಲ್ಲಿ ಬ್ಯಾಟರಿಗೆ ಪರಿವರ್ತಿಸಿ ನೋಡಿದರು. ಅದರಿಂದ ಹುಟ್ಟಿದ ‘ಸಫಾ ಟೆಂಪೋ’ಗಳು ನೂರಾರು ಸಂಖ್ಯೆಯಲ್ಲಿ ಬೀದಿಗಿಳಿದವು, ಅವನ್ನು ನಡೆಸುವವರಲ್ಲಿ ಹೆಂಗಸರೇ ಬಹಳ ಮಂದಿ. ನಮ್ಮ ಬೆಂಗಳೂರಿನಿಂದ 2001ರಲ್ಲಿ ‘ರೇವಾ’ ಎಂಬ ಪುಟ್ಟ ವಿದ್ಯುತ್ ಕಾರು ಹೊರಬಂತು. ಹಳೆಯ ಹೆಸರಿನ ‘ಚೇತಕ್’ 2020ರಲ್ಲಿಯೂ ‘ಲೂನಾ’ 2024ರಲ್ಲಿಯೂ ಬ್ಯಾಟರಿ ಹೊತ್ತು ಮರುಹುಟ್ಟು ಪಡೆದವು. ಇಲ್ಲಿಯೇ ನೆಯ್ಯಾಟ್ಟಿಂಕರೆಯ ಬಳಿಯ ಆರಾಲುಮ್ಮೂಟ್ಟಿನಲ್ಲಿರುವ ಸರ್ಕಾರಿ ಕಾರ್ಖಾನೆ ಕೇರಳ ಆಟೊಮೊಬೈಲ್ಸ್ 2019ರಲ್ಲಿ ‘ನೀಂ ಜಿ’ ಎಂಬ ವಿದ್ಯುತ್ ಆಟೋ ಹೊರತಂದಿತು. ಅಂದಮೇಲೆ ಇದು ಹುಚ್ಚರ ಹವ್ಯಾಸವೆಂದು ತಳ್ಳಿಹಾಕುವಂತಿಲ್ಲ.

ಏನು ಬಿಚ್ಚಬೇಕು, ಏನು ಕೂಡಿಸಬೇಕು?

ಪೆಟ್ರೋಲು ಸ್ಕೂಟರಿನಿಂದ ತೆಗೆಯಬೇಕಾದುವು ಎಂಜಿನು, ಕಾರ್ಬುರೇಟರು, ಸೈಲೆನ್ಸರು, ಟ್ಯಾಂಕು ಇತ್ಯಾದಿ. ಅವುಗಳ ಜಾಗಕ್ಕೆ ಬರುವುವು ಮುಖ್ಯವಾಗಿ ಐದು. ಮೊದಲನೆಯದು ಮೋಟಾರು. ಸಾಮಾನ್ಯವಾಗಿ ಇದನ್ನು ಹಿಂದಿನ ಗಾಲಿಯ ಗುಂಬದೊಳಗೇ ಅಡಗಿಸಿರುತ್ತಾರೆ. ಎರಡನೆಯದು ಬ್ಯಾಟರಿ. ಮೂರನೆಯದು ಕಂಟ್ರೋಲರು, ಹಿಡಿಕೆಯನ್ನು ನಾವು ಎಷ್ಟು ತಿರುಗಿಸಿದೆವೋ ಅದಕ್ಕೆ ತಕ್ಕಷ್ಟು ವಿದ್ಯುತ್ತನ್ನು ಮೋಟಾರಿಗೆ ಅಳೆದು ಕೊಡುವ ಶಾನುಭೋಗ ಇದು. ನಾಲ್ಕನೆಯದು ಬ್ಯಾಟರಿಯ ಒಂದೊಂದು ಕೋಶವನ್ನೂ ಕಾಯುವ ಕಾವಲುಗಾರ, ಇದನ್ನು ಬಿ.ಎಂ.ಎಸ್. ಎನ್ನುತ್ತಾರೆ. ಕೋಶವೊಂದು ಅತಿಯಾಗಿ ತುಂಬಿದರೂ ಅತಿಯಾಗಿ ಬರಿದಾದರೂ ಕಾವೇರಿದರೂ ಇದು ಸಂಪರ್ಕವನ್ನು ಕಡಿಯುತ್ತದೆ. ಐದನೆಯದು ಚಾರ್ಜರು. ಇವಲ್ಲದೆ ದೀಪ, ಹಾರನ್ನುಗಳಿಗೆ 12 ವೋಲ್ಟು ಒದಗಿಸುವ ಸಣ್ಣ ಪೆಟ್ಟಿಗೆಯೊಂದು, ಫ್ಯೂಸು ಮತ್ತು ದಪ್ಪ ತಂತಿಗಳು ಬೇಕು.

ಇಷ್ಟರಿಂದಲೇ ಉಳಿತಾಯ ಹೇಗಾಗುತ್ತದೆ? ಒಂದು ಲೀಟರು ಪೆಟ್ರೋಲಿನಲ್ಲಿ ಸುಮಾರು 9 ಯೂನಿಟ್ಟು ವಿದ್ಯುತ್ತಿಗೆ ಸಮನಾದ ಶಕ್ತಿಯಿದೆ. ಆದರೆ ಎಂಜಿನು ಅದರಲ್ಲಿ ಮುಕ್ಕಾಲು ಪಾಲನ್ನು ಬಿಸಿಯಾಗಿ, ಹೊಗೆಯಾಗಿ ಹೊರಕ್ಕೆ ಚೆಲ್ಲುತ್ತದೆ. ವಿದ್ಯುತ್ ಮೋಟಾರು ತನಗೆ ಬಂದುದರಲ್ಲಿ ನೂರಕ್ಕೆ 80ಕ್ಕೂ ಮೇಲ್ಪಟ್ಟು ಗಾಲಿಗೆ ಮುಟ್ಟಿಸುತ್ತದೆ. ಸಿಗ್ನಲ್ಲಿನಲ್ಲಿ ನಿಂತಾಗ ಪೆಟ್ರೋಲು ಗಾಡಿ ನಿಂತಲ್ಲೇ ಕುಡಿಯುತ್ತದೆ, ಇದು ಸುಮ್ಮನಿರುತ್ತದೆ. ವೈಟ್ಟಿಲದ ಜಂಕ್ಷನ್ನಿನಲ್ಲಿ ಸಂಜೆ ಆರು ಗಂಟೆಗೆ ನಿಂತವರಿಗೆ ಈ ಮಾತಿನ ಬೆಲೆ ಬೇರೆ ಹೇಳಬೇಕಾಗಿಲ್ಲ.

ಸ್ಕೂಟರೊಂದು ಕಿಲೋಮೀಟರಿಗೆ ಸುಮಾರು 30 ವಾಟ್-ಗಂಟೆ ವಿದ್ಯುತ್ತನ್ನು ಬಳಸುತ್ತದೆಂದು ಇಟ್ಟುಕೊಂಡರೆ, ಒಮ್ಮೆ ತುಂಬಿಸಿ 60 ಕಿಲೋಮೀಟರು ಹೋಗಲು 1800 ವಾಟ್-ಗಂಟೆ ಬೇಕಾಯಿತು. ಹದಿನಾರು ಲಿಥಿಯಂ-ಕಬ್ಬಿಣ-ಫಾಸ್ಫೇಟ್ ಕೋಶಗಳನ್ನು ಸಾಲಾಗಿ ಜೋಡಿಸಿದರೆ 51.2 ವೋಲ್ಟು, 40 ಆಂಪಿಯರ್-ಗಂಟೆಯದಾದರೆ ಒಟ್ಟು 2 ಯೂನಿಟ್ಟಿಗೆ ತುಸು ಹೆಚ್ಚು. ಇಂಥ ಬ್ಯಾಟರಿಯ ತೂಕ 20 ಕಿಲೋ ಆಸುಪಾಸು. ಇದೇ ಶಕ್ತಿಯ ಹಳೆಯ ಸೀಸದ ಬ್ಯಾಟರಿಯನ್ನು ಕೊಳ್ಳಹೋದರೆ ತೂಕ 60 ಕಿಲೋಗೆ ಏರೀತು. ಎಂದರೆ ಹಿಂದೆ ಒಬ್ಬರನ್ನು ಸದಾ ಕೂಡಿಸಿಕೊಂಡು ತಿರುಗಿದಂತೆ. ಅಗ್ಗವೆಂದು ಸೀಸಕ್ಕೆ ಕೈಹಾಕುವವರು ಇದನ್ನು ಗಮನಿಸಬೇಕು.

ಹಣದ ಲೆಕ್ಕ

ಲೀಟರಿಗೆ 107 ರೂಪಾಯಿ, ಲೀಟರಿಗೆ 45 ಕಿಲೋಮೀಟರು ಎಂದು ಹಿಡಿದರೆ ಪೆಟ್ರೋಲು ಸ್ಕೂಟರಿಗೆ ಕಿಲೋಮೀಟರಿಗೆ 2 ರೂಪಾಯಿ 38 ಪೈಸೆ ಬೀಳುತ್ತದೆ. ವಿದ್ಯುತ್ತಿಗೆ ಯೂನಿಟ್ಟಿಗೆ 8 ರೂಪಾಯಿ ಎಂದು ಹಿಡಿದು, ಚಾರ್ಜು ಮಾಡುವಾಗಿನ ನಷ್ಟವನ್ನೂ ಸೇರಿಸಿದರೆ ಕಿಲೋಮೀಟರಿಗೆ 30 ಪೈಸೆ. ಉಳಿತಾಯ ಸುಮಾರು 2 ರೂಪಾಯಿ. ನೆನಪಿಡಲು ಸುಲಭವಾದ ಅಂಕೆ.

ಇನ್ನು ಖರ್ಚು. ಠಾಣೆಯ ಸಂಸ್ಥೆಯೊಂದು ಸ್ಪ್ಲೆಂಡರ್ ಮೋಟಾರು ಸೈಕಲ್ಲಿಗೆಂದು 2021ರಲ್ಲಿ ಮಾರಲು ತೊಡಗಿದ ಪರಿವರ್ತನೆಯ ಕಿಟ್ಟಿಗೆ 35 ಸಾವಿರ ರೂಪಾಯಿ, ಅದರ ಮೇಲೆ ತೆರಿಗೆ. ಬ್ಯಾಟರಿಯ ಬೆಲೆ ಬೇರೆ. ಆದ್ದರಿಂದ ಕಿಟ್ಟು, ಬ್ಯಾಟರಿ, ಚಾರ್ಜರು, ಫಿಟ್ಟರನ ಕೂಲಿ ಎಲ್ಲ ಸೇರಿ 75 ಸಾವಿರ ಎಂದು ಇಟ್ಟುಕೊಂಡರೆ ಅತಿಯಾಗಲಾರದು. ದಿನಕ್ಕೆ 30 ಕಿಲೋಮೀಟರಿನಂತೆ ವರ್ಷಕ್ಕೆ 300 ದಿನ ಓಡಿಸುವವರಿಗೆ ವರ್ಷದ ಉಳಿತಾಯ 18 ಸಾವಿರ. ಹಾಕಿದ ಹಣ ನಾಲ್ಕು ವರ್ಷ ದಾಟುವಷ್ಟರಲ್ಲಿ ಕೈಸೇರುತ್ತದೆ. ದಿನಕ್ಕೆ 10 ಕಿಲೋಮೀಟರು ಮಾತ್ರ ಓಡಿಸುವವರಿಗೆ ಉಳಿತಾಯ 6 ಸಾವಿರ. ಹಣ ಹಿಂದಿರುಗಲು ಹನ್ನೆರಡೂವರೆ ವರ್ಷ!

ಈ ಲೆಕ್ಕವನ್ನು ಮಿತ್ರರೊಬ್ಬರು ಮನೆಯಲ್ಲಿ ಒಪ್ಪಿಸುತ್ತಿದ್ದಾಗ ಅವರ ಮನೆಯವರು ಅಡಿಗೆಮನೆಯಿಂದಲೇ ಕೇಳಿದರಂತೆ: “ಅಲ್ಲ ರೀ, ಹನ್ನೆರಡು ವರ್ಷ ಆ ಬ್ಯಾಟರಿ ಬದುಕಿರುತ್ತೋ?” ಇಡೀ ವಿಷಯದ ಮರ್ಮವನ್ನು ಆ ತಾಯಿ ಒಂದೇ ಮಾತಿನಲ್ಲಿ ಹಿಡಿದರು. ಒಳ್ಳೆಯ ಬ್ಯಾಟರಿಯೂ ನಮ್ಮ ಸೆಕೆಯಲ್ಲಿ ವರ್ಷ ವರ್ಷವೂ ಸ್ವಲ್ಪ ಸ್ವಲ್ಪ ಸವೆಯುತ್ತದೆ. ಹನ್ನೆರಡು ವರ್ಷವನ್ನು ನೆಚ್ಚಿ ಕೂಡುವಂತಿಲ್ಲ. ಬ್ಯಾಟರಿ ಲೂನಾ 2024ರಲ್ಲಿ ಬಂದಾಗ ಅದರ ಬೆಲೆ ಸುಮಾರು 70 ಸಾವಿರದಿಂದ ಶುರುವಾಗಿತ್ತೆಂಬುದನ್ನೂ ಪಕ್ಕದಲ್ಲಿಟ್ಟು ನೋಡಬೇಕು. ಸ್ವಲ್ಪ ಓಡಾಟದವರಿಗೆ ಹಳೆಯ ಸ್ಕೂಟರನ್ನು ಇದ್ದಂತೆಯೇ ಓಡಿಸಿ, ಅದು ತೀರ ಸವೆದಾಗ ಹೊಸ ವಿದ್ಯುತ್ ಗಾಡಿ ಕೊಳ್ಳುವುದೇ ಲೇಸು.

ಪರಿವರ್ತನೆ ಫಲಕೊಡುವುದು ಬಹಳ ಓಡುವ ಗಾಡಿಗಳಿಗೆ. ದಿನಕ್ಕೆ 100 ಕಿಲೋಮೀಟರು ತಿರುಗುವ ಆಟೋರಿಕ್ಷಾಕ್ಕೆ ಕಿಲೋಮೀಟರಿಗೆ 3 ರೂಪಾಯಿ ಉಳಿದರೂ ವರ್ಷಕ್ಕೆ 90 ಸಾವಿರವಾಯಿತು. ಉಡುಪಿ ಹೋಟೆಲು ನಡೆಸುತ್ತ ತರಕಾರಿ, ಹಾಲು, ಊಟದ ಡಬ್ಬಿಗಳಿಗೆ ಗಾಡಿ ಇಟ್ಟಿರುವ ನಮ್ಮ ಬಂಧುಗಳು ಈ ಲೆಕ್ಕವನ್ನು ಪೆನ್ಸಿಲು ಹಿಡಿದು ನೋಡತಕ್ಕದ್ದು. ಆಟೋ ಮತ್ತು ಸ್ಕೂಟರುಗಳಿಗಾಗಿ ಕೇರಳದ ವಿದ್ಯುಚ್ಛಕ್ತಿ ಮಂಡಳಿ 2021ರಲ್ಲಿ ಕೋಳಿಕ್ಕೋಡಿನಿಂದ ಆರಂಭಿಸಿ ರಸ್ತೆಯ ಕಂಬಗಳಲ್ಲೇ ಚಾರ್ಜು ಮಾಡುವ ಪೆಟ್ಟಿಗೆಗಳನ್ನು ಹಾಕಿದೆ.

ಎರಡು ಊರು, ಎರಡು ಗುಣ

ಕೊಚ್ಚಿ ಸಮತಟ್ಟಾದ ಊರು. ಸೇತುವೆಗಳ ಏರು ಬಿಟ್ಟರೆ ಗುಡ್ಡವೆಂಬುದಿಲ್ಲ. ಗಾಲಿಯೊಳಗಿನ ಮೋಟಾರಿಗೆ ಇದು ಹೇಳಿ ಮಾಡಿಸಿದ ನೆಲ. ತಿರುವನಂತಪುರ ಏಳು ಬೆಟ್ಟಗಳ ಮೇಲಿನ ಊರೆಂದು ಪ್ರಸಿದ್ಧ. ಇಬ್ಬರನ್ನು ಹೊತ್ತು ಏರು ಹತ್ತುವಾಗ ಗಾಲಿಯ ಮೋಟಾರು ನಿಧಾನವಾಗಿ ತಿರುಗುತ್ತ ಬಹಳ ವಿದ್ಯುತ್ತನ್ನು ಎಳೆಯುತ್ತದೆ, ಕಾಯುತ್ತದೆ. ಆದ್ದರಿಂದ ಕೊಚ್ಚಿಯ ಮಿತ್ರರಿಗೆ ಒಗ್ಗಿದ ಮೋಟಾರು ಇಲ್ಲಿನವರಿಗೂ ಒಗ್ಗೀತೆಂಬ ಭರವಸೆಯಿಲ್ಲ. ಇಳಿಜಾರಿನಲ್ಲಿ ಇನ್ನೊಂದು ವಿಷಯ. ಪೆಟ್ರೋಲು ಗಾಡಿಯಲ್ಲಿ ಹಿಡಿಕೆ ಬಿಟ್ಟರೆ ಎಂಜಿನೇ ಸ್ವಲ್ಪ ತಡೆಯುತ್ತದೆ. ಸಾದಾ ವಿದ್ಯುತ್ ಕಿಟ್ಟಿನಲ್ಲಿ ಆ ತಡೆಯಿರದು. ಎಲ್ಲ ಭಾರವೂ ಬ್ರೇಕಿನ ಮೇಲೆಯೇ. ಹಳೆಯ ಸ್ಕೂಟರಿನ ಬ್ರೇಕು ಹಳೆಯದೇ ಆಗಿರುತ್ತದೆಂಬುದನ್ನು ಮರೆಯಬಾರದು.

ಕೊಚ್ಚಿಗೆ ಬೇರೆ ತೊಂದರೆ. ಇಡವಪ್ಪಾತಿಯ ಮಳೆಯಲ್ಲಿ ಅಲ್ಲಿನ ರಸ್ತೆಗಳು ಕಾಲುವೆಗಳಾಗುವುದನ್ನು ಎಲ್ಲರೂ ಕಂಡಿದ್ದೇವೆ. ಮೊಣಕಾಲು ನೀರಿನಲ್ಲಿ ಗಾಲಿಯ ಗುಂಬ ಪೂರ್ತಿ ಮುಳುಗುತ್ತದೆ. ಕಡಲಿನ ಉಪ್ಪುಗಾಳಿ ತಂತಿಯ ಕೊನೆಗಳನ್ನು ಹಸಿರುಗಟ್ಟಿಸುತ್ತದೆ. ಸಡಿಲವಾದ ಇಂಥ ಒಂದು ಜೋಡಣೆ ಸಾಕು, ಅಲ್ಲಿ ಕಾವು ಹುಟ್ಟಿ ತಂತಿಯ ಹೊದಿಕೆ ಕರಗಲು. ಕಂಟ್ರೋಲರೂ ಬ್ಯಾಟರಿಯೂ ನೀರು ಹೊಗದ ಪೆಟ್ಟಿಗೆಯಲ್ಲಿ, ಎತ್ತರದಲ್ಲಿ ಇರಲೇಬೇಕು.

ಬೆಂಕಿಯ ಮಾತು

2022ರ ಬೇಸಗೆಯಲ್ಲಿ ದೇಶದ ಹಲವು ಕಡೆ ವಿದ್ಯುತ್ ಸ್ಕೂಟರುಗಳು ಹೊತ್ತಿಕೊಂಡ ಸುದ್ದಿ ಬಂತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಸಿಕಂದರಾಬಾದಿನ ಕಟ್ಟಡವೊಂದರ ಕೆಳಗಿನ ವಿದ್ಯುತ್ ಸ್ಕೂಟರು ಅಂಗಡಿಯಲ್ಲಿ ಬೆಂಕಿ ಎದ್ದು, ಮೇಲಿನ ಹೋಟೆಲಿನಲ್ಲಿ ತಂಗಿದ್ದ 8 ಮಂದಿ ತೀರಿಕೊಂಡರು. ಇದರ ಬೆನ್ನಿಗೇ ಸರ್ಕಾರ ಬ್ಯಾಟರಿಗಳ ಪರೀಕ್ಷೆಯ ನಿಯಮಗಳನ್ನು ಬಿಗಿಮಾಡಿ 2022ರ ಡಿಸೆಂಬರಿನಿಂದ ಎರಡು ಹಂತಗಳಲ್ಲಿ ಜಾರಿಗೆ ತಂದಿತು.

ಕಾರ್ಖಾನೆಗಳ ಬ್ಯಾಟರಿಯೇ ಹೀಗಾದರೆ, ಹಳೆಯ ಲ್ಯಾಪ್‌ಟಾಪುಗಳಿಂದ ಕಳಚಿದ ಕೋಶಗಳನ್ನು ಮನೆಯಲ್ಲಿ ಬೆಸುಗೆ ಹಾಕಿ ಕಟ್ಟಿದ ಬ್ಯಾಟರಿಯ ಗತಿಯೇನು? ಅರ್ಧ ಬೆಲೆಗೆ ಸಿಕ್ಕುತ್ತದೆಂದು ಇಂಥದನ್ನು ತಂದು, ಫ್ಲಾಟಿನ ಮೆಟ್ಟಿಲ ಕೆಳಗೆ ರಾತ್ರಿಯಿಡೀ ಚಾರ್ಜಿಗೆ ಹಾಕಿ ಮಲಗುವುದೆಂದರೆ ಕೆಂಡವನ್ನು ಸೆರಗಿನಲ್ಲಿ ಕಟ್ಟಿಕೊಂಡಂತೆ. ಲಿಥಿಯಂ ಬ್ಯಾಟರಿಗೆ ಒಮ್ಮೆ ಬೆಂಕಿ ಬಿದ್ದರೆ ಆರಿಸುವುದು ಕಷ್ಟ. ಆರಿದಂತೆ ಕಂಡು ಮತ್ತೆ ಹೊತ್ತುವುದೂ ಉಂಟು. ಹೊರಹೋಗುವ ದಾರಿಯಲ್ಲಿ ಎಂದೂ ಅದನ್ನು ಚಾರ್ಜು ಮಾಡಬಾರದು.

ಕಾನೂನು ಏನು ಹೇಳುತ್ತದೆ?

ಕಚೇರಿಯ ಕಡತಗಳ ನಡುವೆ ಬಾಳುವ ನಮಗೆ ಈ ಭಾಗವೇ ಎಲ್ಲಕ್ಕಿಂತ ಮುಖ್ಯವಾಗಿ ಕಂಡಿದೆ. 1988ರ ಮೋಟಾರು ವಾಹನಗಳ ಕಾಯಿದೆಯ 52ನೆಯ ಕಲಮಿನ ಪ್ರಕಾರ, ತಯಾರಕರು ನಮೂದಿಸಿದ ವಿವರಗಳಿಗೆ ವ್ಯತ್ಯಾಸ ಬರುವಂತೆ ಮಾಲೀಕನು ಗಾಡಿಯನ್ನು ಬದಲಾಯಿಸಕೂಡದು. ಕೇರಳದಿಂದಲೇ ಹೋದ ಮೊಕದ್ದಮೆಯೊಂದರಲ್ಲಿ ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಈ ನಿಯಮವನ್ನು ಎತ್ತಿಹಿಡಿಯಿತು. ಹಾಗೆಂದು ಬಾಗಿಲು ಪೂರ್ತಿ ಮುಚ್ಚಿಲ್ಲ. ಬ್ಯಾಟರಿ, ಅನಿಲ ಮುಂತಾದ ಬೇರೆ ಶಕ್ತಿಯಿಂದ ಓಡಿಸಲು ಪರಿವರ್ತನೆಯ ಕಿಟ್ಟು ಅಳವಡಿಸುವುದಕ್ಕೆ ಅದೇ ಕಲಮಿನಲ್ಲಿ ಅವಕಾಶವಿದೆ. ಆದರೆ ನಿಯಮಿಸಿದ ಷರತ್ತುಗಳಿಗೆ ಒಳಪಟ್ಟು.

ಆ ಷರತ್ತುಗಳ ಸಾರವಿಷ್ಟು: ಕಿಟ್ಟು ಎ.ಐ.ಎಸ್. 123 ಎಂಬ ಮಾನದಂಡದಂತೆ ಪುಣೆಯ ಎ.ಆರ್.ಎ.ಐ., ಮಾನೇಸರದ ಐಕ್ಯಾಟ್ ಮೊದಲಾದ ಪರೀಕ್ಷಾ ಸಂಸ್ಥೆಗಳಿಂದ ಒಪ್ಪಿಗೆ ಪಡೆದಿರಬೇಕು. ಆ ಒಪ್ಪಿಗೆಯಲ್ಲಿ ನಿಮ್ಮ ಗಾಡಿಯ ಮಾದರಿ ಸೇರಿರಬೇಕು. ಕಿಟ್ಟು ತಯಾರಕರ ಅಧಿಕೃತ ಫಿಟ್ಟರರೇ ಅದನ್ನು ಕೂಡಿಸಬೇಕು. ಬಳಿಕ ಆರ್.ಟಿ.ಓ. ಕಚೇರಿಯಲ್ಲಿ ಗಾಡಿ ತೋರಿಸಿ, ನೋಂದಣಿ ಪುಸ್ತಕದಲ್ಲಿ ಇಂಧನದ ನಮೂದನ್ನು ಬದಲಾಯಿಸಿಸಿ, ಹಸಿರು ಹಲಗೆಯ ಮೇಲೆ ಬಿಳಿಯ ಅಂಕೆ ಬರೆಯಿಸಬೇಕು. ವಿಮಾ ಕಂಪೆನಿಗೂ ತಿಳಿಸಬೇಕು. ಹೀಗೆ ಮಾಡದೆ ಮನೆಯ ಹಿತ್ತಿಲಲ್ಲಿ ತಾನೇ ಮೋಟಾರು ಬಿಗಿದು ರಸ್ತೆಗಿಳಿದರೆ, 2019ರ ತಿದ್ದುಪಡಿಯಂತೆ ಬದಲಾವಣೆ ಒಂದಕ್ಕೆ 5 ಸಾವಿರ ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಸೆರೆ, ಅಥವಾ ಎರಡೂ.

ದಂಡವಾದರೂ ಕಟ್ಟಿ ಮುಗಿಯುತ್ತದೆ. ದಾರಿಯಲ್ಲಿ ಯಾರಿಗಾದರೂ ಪೆಟ್ಟಾಯಿತೆನ್ನಿ. ಪುಸ್ತಕದಲ್ಲಿ ಪೆಟ್ರೋಲೆಂದಿದೆ, ಗಾಡಿಯಲ್ಲಿ ಬ್ಯಾಟರಿಯಿದೆ ಎಂದು ವಿಮೆಯವರು ತಕರಾರು ತೆಗೆದರೆ ಪರಿಹಾರದ ಲಕ್ಷಗಳು ಮಾಲೀಕನ ತಲೆಗೇ ಬಂದಾವು. ಊರಿನಲ್ಲಿರುವ ಅಡಿಕೆ ತೋಟದ ಪಾಲು ಮಾರಿದರೂ ತೀರದ ಸಾಲ ಅದು. ತಿಂಗಳಿಗೆ ಒಂದೂವರೆ ಸಾವಿರ ಉಳಿಸಹೋಗಿ ಸಂಸಾರವನ್ನೇ ಪಣಕ್ಕಿಡುವುದು ಬುದ್ಧಿವಂತರ ಲಕ್ಷಣವಲ್ಲ.

ನಮ್ಮ ಕೆಲವು ಮನೆಗಳಲ್ಲಿ ತಂದೆಯ ಕಾಲದ ಯೆಜ್ಡಿಯೋ ಜಾವಾವೋ ಇದೆ. 1960ರ ದಶಕದಿಂದ 1996ರಲ್ಲಿ ಮುಚ್ಚುವವರೆಗೆ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ನಾಡಿಗೆ ಕೊಟ್ಟ ಗಾಡಿಗಳಿವು. ತನ್ನ ಮಾದರಿಯ ಹೆಸರಿರುವ ಒಪ್ಪಿಗೆಪತ್ರ ಕೈಗೆ ಬರುವ ತನಕ ಅದರ ಎಂಜಿನನ್ನು ಬಿಚ್ಚದಿರುವುದೇ ಒಳಿತು. ಆ ಸದ್ದು ಕೇಳಿಯೇ ಅಪ್ಪ ಬಂದರೆಂದು ಬಾಗಿಲಿಗೆ ಓಡಿದವರಲ್ಲವೆ ನಾವು?

ಮನೆಯಲ್ಲಿ ಮಾಡಬಹುದಾದುದು

ಕೈಯಲ್ಲಿ ಸ್ಪ್ಯಾನರು ಹಿಡಿಯುವ ಆಸೆಯುಳ್ಳವರಿಗೆ ಬೈಸಿಕಲ್ಲು ಇದೆ. ಮೋಟಾರಿನ ಶಕ್ತಿ 250 ವಾಟಿಗಿಂತಲೂ ವೇಗ ಗಂಟೆಗೆ 25 ಕಿಲೋಮೀಟರಿಗಿಂತಲೂ ಕಡಮೆಯಿದ್ದು, ಪರೀಕ್ಷಾ ಸಂಸ್ಥೆಯ ಒಪ್ಪಿಗೆ ಪಡೆದ ಮಾದರಿಗಳನ್ನು ಕಾನೂನು ಮೋಟಾರು ವಾಹನವೆಂದು ಎಣಿಸುವುದಿಲ್ಲ. ನೋಂದಣಿ, ಲೈಸೆನ್ಸುಗಳ ಗೊಡವೆಯಿಲ್ಲ. ಸೈಕಲ್ ಕಿಟ್ಟು ಕೊಳ್ಳುವಾಗ ಈ ಒಪ್ಪಿಗೆಯನ್ನು ಕೇಳಿ ನೋಡಬೇಕು. ಕಾಲೇಜಿಗೆ ಹೋಗುವ ಮಕ್ಕಳನ್ನು ಜೊತೆಗೆ ಕೂಡಿಸಿಕೊಂಡು ರಜಾದಿನದಲ್ಲಿ ಇದನ್ನು ಜೋಡಿಸಿದರೆ ಅವರಿಗೆ ಪಾಠವೂ ಆಯಿತು, ಮಾರ್ಕೆಟ್ಟಿಗೆ ಹೋಗಿಬರಲು ವಾಹನವೂ ಆಯಿತು.

ಎರಡನೆಯದಾಗಿ, ಮನೆಯ ವಿದ್ಯುತ್ತನ್ನು ಸಿದ್ಧಪಡಿಸಿಕೊಳ್ಳಬಹುದು. ಸ್ಕೂಟರಿನ ಚಾರ್ಜರು ಎಳೆಯುವುದು ಇಸ್ತ್ರಿಪೆಟ್ಟಿಗೆಗಿಂತ ಕಡಮೆಯೇ. ಆದರೆ ಗಂಟೆಗಟ್ಟಲೆ ಎಳೆಯುತ್ತದೆ. ಆದ್ದರಿಂದ ಸರಿಯಾದ ಅರ್ತಿಂಗೂ, ಸೋರಿಕೆ ಕಂಡಕೂಡಲೆ ಕಡಿಯುವ ಸ್ವಿಚ್ಚೂ ಇರಬೇಕು. ಬಾಡಿಗೆಮನೆಯವರು ಮಾಲೀಕರನ್ನೂ ಫ್ಲಾಟಿನವರು ಅಲ್ಲಿನ ಸಮಿತಿಯನ್ನೂ ಮೊದಲೇ ಕೇಳಿ ಒಪ್ಪಿಗೆಯನ್ನು ಬರೆಯಿಸಿಕೊಂಡರೆ ಮುಂದೆ ಜಗಳವಿಲ್ಲ.

ಒಟ್ಟಿನಲ್ಲಿ ಹೇಳುವುದಾದರೆ, ಯಂತ್ರದ ದೃಷ್ಟಿಯಿಂದ ಇದು ಸಾಧ್ಯ. ಬಹಳ ಓಡಿಸುವವರಿಗೆ ಲಾಭ. ಒಪ್ಪಿಗೆಯಿರುವ ಕಿಟ್ಟಾದರೆ ಕಾನೂನಿಗೂ ಸಮ್ಮತ. ಈ ಮೂರರಲ್ಲಿ ಒಂದು ತಪ್ಪಿದರೂ ಕೈಕಟ್ಟಿ ಕುಳಿತಿರುವುದೇ ಜಾಣತನ. ಅಂಗಡಿಗೆ ಹೋದಾಗ ಬೆಲೆ ಕೇಳುವ ಮೊದಲು ಒಪ್ಪಿಗೆಪತ್ರ ಕೇಳಿರಿ. ತೋರಿಸಲು ಹಿಂಜರಿದರೆ ನಮಸ್ಕಾರ ಹೇಳಿ ಹೊರಟುಬನ್ನಿರಿ. ನಮ್ಮ ಬಂಧುಗಳಲ್ಲಿ ಯಾರಾದರೂ ನಿಯಮದಂತೆ ಈ ಕೆಲಸ ಮಾಡಿಸಿ ಹಸಿರು ಹಲಗೆ ಹಾಕಿಸಿಕೊಂಡಿದ್ದರೆ, ಖರ್ಚಿನ ವಿವರದೊಡನೆ ಈ ಪತ್ರಿಕೆಗೆ ನಾಲ್ಕು ಸಾಲು ಬರೆದು ಕಳುಹಿಸಲಿ. ಒಬ್ಬರ ಅನುಭವ ಹತ್ತು ಮನೆಗೆ ಉಪಯೋಗವಾದೀತು.